ಆರು ಕಪ್‌ಕೇಕ್, ಒಂದು ಓಟಿಜಿ: ಕೆಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಮನೆಯಲ್ಲಿ ಕಪ್‌ಕೇಕ್ ಮಾಡೋಕೆ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಆಗುವ ಪುಟ್ಟ ಕರೆಂಟ್ ಓವನ್) ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ಧಾರಾಳವಾಗಿ. ಆದರೆ ಅದರ ಜೊತೆ ಓವನ್ ಒಳಗೆ ಇಡುವ ಪುಟ್ಟ ಥರ್ಮಾಮೀಟರ್ ಕೂಡ ತಗೊಳ್ಳಿ. ಬರೀ ಗುಂಡಿ ತೋರಿಸುವ ಡಿಗ್ರಿ ನಂಬಿಕೊಂಡರೆ ಮೈದಾ, ಸಕ್ಕರೆ, ಬೆಣ್ಣೆ ಎಲ್ಲ ದಂಡ.

ನನ್ನದು 28 ಲೀಟರ್, 1500 ವಾಟ್‌ನ ಓಟಿಜಿ. ಲಾಕ್‌ಡೌನ್ ಎಲ್ಲ ಮುಗಿದ ಮೇಲೆ ಏಳು ಸಾವಿರದ ಆಸುಪಾಸಿನಲ್ಲಿ ತಗೊಂಡದ್ದು. ಮೇಲೆ ಎರಡು, ಕೆಳಗೆ ಎರಡು ರಾಡ್, ಒಳಗೊಂದು ಫ್ಯಾನ್, ಬಲಗಡೆ ಸಾಲಾಗಿ ಗುಂಡಿಗಳು. ಕಂಪನಿ ಹೆಸರು ಹೇಳುವುದಿಲ್ಲ. ಈ ಬೆಲೆಯಲ್ಲಿ ಸ್ನೇಹಿತೆಯರು ತಗೊಂಡ ಬೇರೆ ಬೇರೆ ಕಂಪನಿಯವನ್ನೂ ನೋಡಿದ್ದೇನೆ, ಗುಣ-ದೋಷ ಎರಡೂ ಹೆಚ್ಚೂಕಮ್ಮಿ ಒಂದೇ. ನಾವಿರುವುದು ದಾವಣಗೆರೆಯಲ್ಲಿ. ಬೇಸಿಗೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಕ್ರೀಮಿನ ವಿಷಯಕ್ಕೆ ಬಂದಾಗ ಅದು ಮುಖ್ಯವಾಗುತ್ತದೆ.

ಮೊದಲು ಪ್ಲಗ್ಗಿನ ವಿಷಯ. 1500 ವಾಟ್ ಅಂದರೆ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಮೊಬೈಲ್, ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು. ಗೀಸರಿಗೆ ಇರುವಂಥ 16 ಆಂಪಿಯರಿನ ದಪ್ಪ ಸಾಕೆಟ್ ಬೇಕು. ಹಳೆ ಮನೆಗಳ ಅಡುಗೆಮನೆಯಲ್ಲಿ ಅದು ಇರುವುದಿಲ್ಲ. ಓಟಿಜಿ ಮನೆಗೆ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ. ಮಾಮೂಲಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವ ಯೋಚನೆಯನ್ನಂತೂ ಮಾಡಲೇಬೇಡಿ, ವೈರ್ ಬಿಸಿಯಾಗುತ್ತದೆ.

ಇನ್ನು ಆ ಡಿಗ್ರಿ ಗುಂಡಿ. 180ಕ್ಕೆ ತಿರುಗಿಸಿದರೆ ಒಳಗಿನ ಥರ್ಮಾಮೀಟರ್ 200 ದಾಟಿ ಹೋಗುತ್ತದೆ. ಆಮೇಲೆ ಟಕ್ ಅಂತ ಸದ್ದಾಗಿ ರಾಡಿನ ಕೆಂಪು ಆರುತ್ತದೆ, ಮುಳ್ಳು ನಿಧಾನಕ್ಕೆ 165ರವರೆಗೂ ಇಳಿಯುತ್ತದೆ, ಮತ್ತೆ ಟಕ್. ಇದು ಕೆಟ್ಟಿದೆ ಅಂತ ಅಲ್ಲ. ಬಿಸಿ ಹತೋಟಿಯಲ್ಲಿಡುವ ಇಂಥ ಥರ್ಮೋಸ್ಟಾಟ್ ಒಳಗೆ ಎರಡು ಬೇರೆ ಲೋಹ ಸೇರಿಸಿದ ಒಂದು ಪಟ್ಟಿ ಇರುತ್ತದೆ. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ. ತಣ್ಣಗಾದರೆ ನೆಟ್ಟಗಾಗಿ ಮತ್ತೆ ಕೊಡುತ್ತದೆ. ಆ ಪಟ್ಟಿ ಇರುವುದು ಗುಂಡಿಯ ಹಿಂದೆ, ಪಕ್ಕದ ಗೋಡೆಯ ಕಡೆ. ನಮ್ಮ ಕೇಕ್ ಇರುವುದು ನಡುವೆ. ಹಾಗಾಗಿ ಅದರ ಲೆಕ್ಕವೇ ಬೇರೆ, ಕೇಕಿಗೆ ತಗಲುವ ಬಿಸಿಯೇ ಬೇರೆ. ಐನೂರು ರೂಪಾಯಿಯೊಳಗೆ ಸಿಗುವ ಥರ್ಮಾಮೀಟರನ್ನು ಜಾಲರಿಗೆ ನೇತುಹಾಕಿ, ಬಾಗಿಲ ಗಾಜಿನಿಂದಲೇ ನೋಡಿ. ನನ್ನ ಓಟಿಜಿಯಲ್ಲಿ ಗುಂಡಿ 160ರಲ್ಲಿ ಇದ್ದರೆ ಒಳಗೆ ಸರಾಸರಿ 175 ಇರುತ್ತದೆ. ಕಪ್‌ಕೇಕಿಗೆ ಬೇಕಾದದ್ದು ಅಷ್ಟೇ. ನಿಮ್ಮದರ ಲೆಕ್ಕ ಬೇರೆ ಇರಬಹುದು, ಎರಡು ಸಲ ಬರೀ ಓವನ್ ಕಾಯಿಸಿ ನೋಡಿದರೆ ಗೊತ್ತಾಗುತ್ತದೆ.

ಯೂಟ್ಯೂಬಿನಲ್ಲಿ ನೋಡಿ 180ಕ್ಕೆ ಇಟ್ಟವರ ಕಪ್‌ಕೇಕ್ ಯಾಕೆ ಗೋಪುರದ ಹಾಗೆ ಎದ್ದು ನಡುವೆ ಬಿರಿಯುತ್ತದೆ ಅನ್ನುವುದಕ್ಕೂ ಕಾರಣ ಇದೇ. ಸಣ್ಣ ಪೆಟ್ಟಿಗೆಯಲ್ಲಿ ಮೇಲಿನ ರಾಡ್ ತೀರಾ ಹತ್ತಿರ. ಹಿಟ್ಟು ಇನ್ನೂ ಉಬ್ಬುತ್ತಿರುವಾಗಲೇ ಮೇಲ್ಭಾಗ ಗಟ್ಟಿಯಾಗಿಬಿಡುತ್ತದೆ. ಒಳಗಿನ ಹಬೆ, ಗಾಳಿ ಎಲ್ಲೋ ಒಂದು ಕಡೆ ದಾರಿ ಮಾಡಿಕೊಳ್ಳಲೇಬೇಕಲ್ಲ, ನೆತ್ತಿ ಸೀಳಿಕೊಂಡು ಬರುತ್ತದೆ. ಬಿರಿದ ನೆತ್ತಿಯ ಮೇಲೆ ಕ್ರೀಮ್ ನೆಟ್ಟಗೆ ಕೂರುವುದಿಲ್ಲ. ನಾನು ಟ್ರೇಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗೆ ಇಟ್ಟು ಮೊದಲು ಬರೀ ಕೆಳಗಿನ ರಾಡ್ ಮತ್ತು ಫ್ಯಾನ್ ಹಾಕುತ್ತೇನೆ. ಬಣ್ಣ ಬರಲಿ ಅಂತ ಕೊನೆಯ ಮೂರು ನಿಮಿಷ ಮಾತ್ರ ಮೇಲಿನ ರಾಡ್. ಒಟ್ಟು 18ರಿಂದ 20 ನಿಮಿಷ. ಅದಕ್ಕೂ ಮೊದಲು ಹತ್ತು ನಿಮಿಷ ಖಾಲಿ ಓವನ್ ಕಾಯಬೇಕು. ಕಾಯದ ಹೆಂಚಿನ ಮೇಲೆ ದೋಸೆ ಹುಯ್ದರೆ ಏನಾಗುತ್ತದೋ ಇಲ್ಲೂ ಅದೇ.

ಹಿಂದಿನ ಬಲ ಮೂಲೆಯದು ಮಾತ್ರ ಯಾವಾಗಲೂ ಬೇರೆಯವಕ್ಕಿಂತ ಕಂದು. ಬೆಂದಿದೆಯಾ ಅಂತ ಕಡ್ಡಿ ಚುಚ್ಚಿ ನೋಡುವಾಗ ನಾನು ಎದುರಿನ ಎಡ ಮೂಲೆಯದನ್ನೇ ಚುಚ್ಚುವುದು. ಅದು ಬೆಂದಿದ್ದರೆ ಎಲ್ಲ ಬೆಂದ ಹಾಗೆ.

ಈ ಅಳತೆಯ ಓಟಿಜಿಯಲ್ಲಿ ಹನ್ನೆರಡು ಗುಳಿಯ ದೊಡ್ಡ ಟ್ರೇ ಹಿಡಿಯುವುದಿಲ್ಲ. ಹಿಡಿದರೂ ಗೋಡೆಗೆ ತಾಗಿ ಗಾಳಿ ಓಡಾಡುವುದಿಲ್ಲ. ಆರು ಗುಳಿಯದೇ ಸರಿ. ಬಹಳ ಜನ ಇದನ್ನು ಕೊರತೆ ಅನ್ನುತ್ತಾರೆ, ಹನ್ನೆರಡಕ್ಕೆ ಹಿಟ್ಟು ಕಲಸಿ ಎರಡು ಸರದಿಯಲ್ಲಿ ಬೇಯಿಸುತ್ತಾರೆ. ಎರಡನೇ ಸರದಿಯದು ಚಪ್ಪಟೆ, ಒತ್ತೊತ್ತಾಗಿ ಬರುತ್ತದೆ. ಓವನ್ ಬಯ್ಯಬೇಡಿ. ನಮ್ಮ ಮನೆಯ ಹಾಗೆ ಮೊಟ್ಟೆ ಇಲ್ಲದೆ ಮೊಸರು, ಅಡುಗೆ ಸೋಡಾ ಹಾಕಿ ಮಾಡುವವರಿಗೆ ಇದು ಜಾಸ್ತಿ ಅನ್ವಯಿಸುತ್ತದೆ. ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಕ್ಷಣದಿಂದಲೇ ಗುಳ್ಳೆ ಏಳಲು ಶುರು. ಹಿಟ್ಟು ಅರ್ಧ ಗಂಟೆ ಕಟ್ಟೆಯ ಮೇಲೆ ಕೂತರೆ ಆ ಗುಳ್ಳೆ ಎಲ್ಲಿ ಉಳಿಯುತ್ತದೆ? ಒಂದು ಸರದಿಗೆ ಎಷ್ಟು ಬೇಕೋ ಅಷ್ಟೇ ಕಲಸಿ.

ಆರಕ್ಕೆ ನನ್ನ ಅಳತೆ: ಮೈದಾ 95 ಗ್ರಾಂ, ಪುಡಿ ಸಕ್ಕರೆ 75 ಗ್ರಾಂ, ಗಟ್ಟಿ ಮೊಸರು 120 ಗ್ರಾಂ, ವಾಸನೆ ಇಲ್ಲದ ಎಣ್ಣೆ 60 ಎಂಎಲ್, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಸೋಡಾ ಕಾಲು ಟೀ ಚಮಚ, ನಾಲ್ಕು ಹನಿ ವೆನಿಲ್ಲಾ. ಮೊಸರಿಗೆ ಸಕ್ಕರೆ, ಎಣ್ಣೆ ಸೇರಿಸಿ ಚೆನ್ನಾಗಿ ಕದಡಿ. ಸೋಡಾ, ಪೌಡರನ್ನು ಮೈದಾ ಜೊತೆ ಜರಡಿ ಹಿಡಿದು ಕೊನೆಗೆ ಹಾಕಿ. ಹಿಟ್ಟು ಕಾಣದಾಗುವವರೆಗೆ ತಿರುವಿದರೆ ಸಾಕು, ನಾದಬೇಡಿ. ಗುಳಿಯ ಮೂರನೇ ಎರಡು ಭಾಗ ಮಾತ್ರ ತುಂಬಿ. ಬೆಂದ ಐದು ನಿಮಿಷಕ್ಕೆ ಟ್ರೇಯಿಂದ ಹೊರಗೆ ತೆಗೆಯಬೇಕು. ಇಲ್ಲದಿದ್ದರೆ ಹಬೆ ಕೆಳಗೇ ನಿಂತು ಕಾಗದ ಒದ್ದೆಯಾಗಿ ಬಿಟ್ಟುಕೊಳ್ಳುತ್ತದೆ.

ಕಾಗದದ ಕಪ್ಪಿನ ಬಗ್ಗೆ ಒಂದು ಮಾತು. ನೂರರ ಕಟ್ಟು ಅಗ್ಗಕ್ಕೆ ಸಿಗುವ ತೆಳು ಬಣ್ಣದ ಕಪ್ಪುಗಳು ಎಣ್ಣೆ ಹೀರಿ, ಬಣ್ಣ ಹೋಗಿ, ಜಿಡ್ಡು ಜಿಡ್ಡಾಗುತ್ತವೆ. ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಜಿಡ್ಡು ಹೀರದ ಕಾಗದದ್ದೇ ತನ್ನಿ.

ಅಲಂಕಾರಕ್ಕೆ ಬಂದರೆ ನಮ್ಮೂರಿನಲ್ಲಿ ನಿಜವಾದ ಶತ್ರು ಏಪ್ರಿಲ್ ತಿಂಗಳು. ಬೆಣ್ಣೆ 32ರಿಂದ 35 ಡಿಗ್ರಿಗೆ ಕರಗುತ್ತದೆ. ಆಗ ಅಡುಗೆಮನೆಯೇ ಅಷ್ಟು ಬಿಸಿ ಇರುತ್ತದೆ, ಪಕ್ಕದಲ್ಲಿ ಓಟಿಜಿ ಬೇರೆ. ಬೆಣ್ಣೆ 100 ಗ್ರಾಮಿಗೆ ಐಸಿಂಗ್ ಸಕ್ಕರೆ 200 ಗ್ರಾಂ ಹಾಕಿ ಮಾಡುವ ಬಟರ್‌ಕ್ರೀಮ್ ಡಿಸೆಂಬರ್, ಜನವರಿಯಲ್ಲಿ ಎಷ್ಟು ಚೆಂದ ನಿಲ್ಲುತ್ತದೆ! ಬೇಸಿಗೆಯಲ್ಲಿ ಹೂವು ಬಿಡಿಸಿ ಮುಗಿಸುವುದರೊಳಗೆ ಎಸಳು ಒಂದರ ಮೇಲೊಂದು ಒರಗಿರುತ್ತವೆ. ಬೆಣ್ಣೆ ದೋಸೆಯ ಊರು, ಒಳ್ಳೆ ಬೆಣ್ಣೆಗೇನು ಕಮ್ಮಿ ಅಂತ ನೀವು ಕೇಳಬಹುದು. ಕಡೆದ ಬಿಳಿ ಬೆಣ್ಣೆಯಲ್ಲಿ ನೀರು ಜಾಸ್ತಿ, ಹುಳಿ ವಾಸನೆಯೂ ಇರುತ್ತದೆ. ದೋಸೆಗೆ ಅದೇ ರುಚಿ, ಕ್ರೀಮಿಗೆ ಆಗುವುದಿಲ್ಲ. ನಂದಿನಿಯ ಉಪ್ಪಿಲ್ಲದ ಬೆಣ್ಣೆ ತಗೊಳ್ಳಿ, ಉಪ್ಪಿನದು ಬ್ರೆಡ್ಡಿಗಿರಲಿ.

ಬೇಸಿಗೆಗೆ ನನ್ನ ಆಯ್ಕೆ ಗನಾಶ್. ಚಾಕೊಲೇಟ್ ಎರಡು ಪಾಲು, ಬಿಸಿ ಕ್ರೀಮ್ ಒಂದು ಪಾಲು. ಕದಡಿ, ಆರಿಸಿ, ದಪ್ಪಗಾದ ಮೇಲೆ ಬೀಟರಿನಲ್ಲಿ ಒಂದು ನಿಮಿಷ ತಿರುಗಿಸಿದರೆ ಕ್ರೀಮ್ ಹಿಂಡುವ ಚೀಲದ ತುದಿಯ ನಾಝಲ್ಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತದೆ. ಇದಕ್ಕೆ ಅಮೂಲ್ ಫ್ರೆಶ್ ಕ್ರೀಮ್ ಸಾಕು. ಆದರೆ ಅದನ್ನೇ ಹಾಲಿನ ನೊರೆಯ ಕ್ರೀಮ್ ಮಾಡೋಣ ಅಂತ ಬೀಟರ್ ಹಿಡಿಯಬೇಡಿ. ಅದರಲ್ಲಿ ಕೊಬ್ಬು 25% ಮಾತ್ರ, ನೊರೆ ನಿಲ್ಲಬೇಕಾದರೆ 30% ಆದರೂ ಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಫ್ರೀಝರಿನಲ್ಲಿಟ್ಟ ವಿಪ್ಪಿಂಗ್ ಕ್ರೀಮ್ ಬಹುತೇಕ ಹಾಲಿನದಲ್ಲ, ಸಸ್ಯಜನ್ಯ ಕೊಬ್ಬಿನದು. ಸಕ್ಕರೆಯೂ ಮೊದಲೇ ಹಾಕಿರುತ್ತಾರೆ. ಸೆಕೆಯಲ್ಲೂ ಬಗ್ಗದೆ ನಿಲ್ಲುತ್ತದೆ, ನಿಜ. ತಿಂದ ಮೇಲೆ ಅಂಗುಳಕ್ಕೆ ಏನೋ ಮೆತ್ತಿಕೊಂಡಿದೆ ಅನಿಸುತ್ತದೆ, ಅದೂ ನಿಜ. ಮಕ್ಕಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಕ್ರೀಮ್ ನೆಕ್ಕಿ ಕೇಕ್ ಬಿಟ್ಟು ಓಡುತ್ತಾರೆ.

ನಾಝಲ್ ಸೆಟ್ಟಿಗೆ ದುಡ್ಡು ಸುರಿಯಬೇಡಿ. 24ರ ಡಬ್ಬಿ ತಂದವರೆಲ್ಲ ಕೊನೆಗೆ ಬಳಸುವುದು ಎರಡೇ. ಅಗಲ ಬಾಯಿಯ ನಕ್ಷತ್ರದ್ದು, 1ಎಂ ಅನ್ನುತ್ತಾರಲ್ಲ, ಅದೊಂದು ಇದ್ದರೆ ಮುಕ್ಕಾಲು ಕೆಲಸ ಆಯಿತು. ನಡುವಿನಿಂದ ಶುರುಮಾಡಿ ಹೊರಗೆ ಸುತ್ತಿದರೆ ಗುಲಾಬಿ, ಹೊರಗಿನಿಂದ ಒಳಗೆ ಸುತ್ತುತ್ತಾ ಮೇಲೆತ್ತಿದರೆ ಗೋಪುರ. ಕೇಕ್ ಪೂರ್ತಿ ತಣ್ಣಗಾಗಿರಬೇಕು, ಅಂಗೈಯಲ್ಲಿ ಇಟ್ಟುಕೊಂಡರೆ ಬುಡದಲ್ಲಿ ಒಂಚೂರೂ ಬೆಚ್ಚಗನಿಸಬಾರದು. ನೀರು ಬಣ್ಣ ಬೇಡ, ಜೆಲ್ ಬಣ್ಣವೇ ಇರಲಿ. ಬಣ್ಣವೇ ಬೇಡ ಅನ್ನುವವರಿಗೆ ಬೀಟ್‌ರೂಟ್ ಪುಡಿ ಇದೆ. ಕ್ರೀಮಿಗೆ ಹಾಕಿದರೆ ಒಳ್ಳೆ ಗುಲಾಬಿ. ಹಿಟ್ಟಿಗೆ ಹಾಕಿ ಬೇಯಿಸಿದರೆ ಮಾತ್ರ ಕೆಂಪು ಹೋಗಿ ಕಂದಾಗುತ್ತದೆ. ಒಮ್ಮೆ ಮೇಲೆ ಬೆಳ್ಳಿ ಮಣಿ ಜೋಡಿಸುತ್ತಾ ಕೂತಿದ್ದಾಗ ನಮ್ಮತ್ತೆ ನೋಡಿ, "ಇನ್ನು ಅರಿಶಿನ ಕುಂಕುಮ ಹಚ್ಚೋದೊಂದು ಬಾಕಿ ನೋಡು" ಅಂದರು.

ಇಷ್ಟು ದಿನದಲ್ಲಿ ಓಟಿಜಿಗೆ ಏನೇನಾಯಿತು? ವಾರಂಟಿ ಮುಗಿದ ಮೇಲೆ ಟೈಮರಿನ ಗಂಟೆ ನಿಂತಿತು. ಗುಂಡಿ ತಿರುಗುತ್ತದೆ, ಓವನ್ ಆಫ್ ಆಗುತ್ತದೆ, ಸದ್ದು ಮಾತ್ರ ಇಲ್ಲ. ನಾನು ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ. ಕೆಳಗಿನ ಒಂದು ರಾಡ್ ಹೋದಾಗ ಕಂಪನಿಯ ಸರ್ವಿಸ್‌ನವರು ದಿನಾ ನಾಳೆ ಅನ್ನುತ್ತಲೇ ಇದ್ದರು. ಕೊನೆಗೆ ಊರಿನ ರಿಪೇರಿ ಅಂಗಡಿಯವರೇ ಅದೇ ಉದ್ದದ ರಾಡ್ ತಂದು ಹಾಕಿಕೊಟ್ಟರು. ಗುಂಡಿಯ ಸುತ್ತಲಿನ ಅಂಕಿ ಒರೆಸಿ ಒರೆಸಿ ಅಳಿಸಿವೆ, ನೇಲ್ ಪಾಲಿಶಿನಲ್ಲಿ ಚುಕ್ಕೆ ಇಟ್ಟುಕೊಂಡಿದ್ದೇನೆ. ಬಾಗಿಲ ಗಾಜು ಹೊರಗಡೆಯೂ ಕೈ ಸುಡುವಷ್ಟು ಕಾಯುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಟ್ಟೆಯ ಒಳ ಮೂಲೆಗೆ ಇಡಿ, ಆದರೆ ಗೋಡೆಗೆ ಒತ್ತಬೇಡಿ, ಸುತ್ತ ಒಂದು ಗೇಣು ಜಾಗ ಇರಲಿ.

ಕರೆಂಟ್ ಬಿಲ್ ಬಗ್ಗೆ ಹೆದರುವುದೇನೂ ಬೇಡ. ಅರ್ಧ ಗಂಟೆ ಪೂರ್ತಿ ಉರಿದರೂ ಮುಕ್ಕಾಲು ಯೂನಿಟ್. ರಾಡ್ ನಡುನಡುವೆ ಆರುವುದರಿಂದ ಅಷ್ಟೂ ಆಗುವುದಿಲ್ಲ. ಗೃಹಜ್ಯೋತಿಯ ಉಚಿತ ಮಿತಿಯ ಅಂಚಿನಲ್ಲಿ ಇರುವವರು ಮಾತ್ರ ತಿಂಗಳ ಕೊನೆಯಲ್ಲಿ ಮೀಟರ್ ಮೇಲೆ ಒಂದು ಕಣ್ಣಿಡಿ.

"ಇಷ್ಟು ಚೆನ್ನಾಗಿ ಮಾಡ್ತೀಯಲ್ಲ, ಆರ್ಡರ್ ತಗೋ" ಅನ್ನುವವರು ನಿಮಗೂ ಸಿಗುತ್ತಾರೆ. 50 ಕಪ್‌ಕೇಕ್ ಅಂದರೆ ಆರರ ಟ್ರೇಯಲ್ಲಿ ಒಂಬತ್ತು ಸರದಿ. ಇಡೀ ದಿನ ಅಲ್ಲೇ ನಿಂತಿರಬೇಕು. ಮಾರುವುದಾದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಆ ಆಸೆ ಇದ್ದರೆ ಈ ಅಳತೆ ಬೇಡ, 40 ಲೀಟರ್ ಮೇಲಿನದು ನೋಡಿ. ಹುಟ್ಟುಹಬ್ಬ, ಭಾನುವಾರ, ಪಕ್ಕದ ಮನೆಗೆ ನಾಲ್ಕು ಅನ್ನುವವರಿಗೆ 28 ಲೀಟರ್ ಬೇಕಾದಷ್ಟಾಯಿತು.

ಯಾರಾದರೂ ಹಳೆಯದನ್ನು ಮಾರುತ್ತಿದ್ದರೆ ಸುಮ್ನೆ ಬೇಡ ಅನ್ನಬೇಡಿ, ಹವ್ಯಾಸ ಬಿಟ್ಟವರ ಓಟಿಜಿ ಹೆಚ್ಚು ಸವೆದಿರುವುದಿಲ್ಲ. ಆದರೆ ಹೊರಡುವಾಗ ಥರ್ಮಾಮೀಟರ್ ಚೀಲಕ್ಕೆ ಹಾಕಿಕೊಳ್ಳಿ. ಅವರ ಮನೆಯಲ್ಲೇ ಹಾಕಿಸಿ ನೋಡಿ: ನಾಲ್ಕೂ ರಾಡ್ ಕೆಂಪಗಾಗಬೇಕು, ಬಾಗಿಲು ಸಂದಿಲ್ಲದೆ ಮುಚ್ಚಬೇಕು, ಹತ್ತು ಹದಿನೈದು ನಿಮಿಷದೊಳಗೆ ಆ ಟಕ್ ಸದ್ದು ಕೇಳಬೇಕು. ಟಕ್ ಅನ್ನದೆ ಮುಳ್ಳು ಏರುತ್ತಲೇ ಹೋದರೆ ಥರ್ಮೋಸ್ಟಾಟ್ ಹೋಗಿದೆ ಅಂತ ಅರ್ಥ, ಎಷ್ಟೇ ಕಮ್ಮಿಗೆ ಕೊಟ್ಟರೂ ತರಬೇಡಿ.