ಚಿನ್ನದ ಅದಿರಿಗೆ ‘ಪ್ರೀ-ಟ್ರೀಟ್‌ಮೆಂಟ್ ಪುಡಿ’ ಮಾರುವವರು ಬಂದರೆ ಹುಷಾರು

ತಾಂಜಾನಿಯಾದ ಚುನ್ಯಾ ಕಡೆ ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆಯುವ ಸಣ್ಣ ಪ್ಲಾಂಟ್‌ಗಳಲ್ಲಿ ಕೆಲಸ ಮಾಡುವ ನಮ್ಮವರು ಇದನ್ನು ಓದಿ. ನಾನಿರುವ ಪ್ಲಾಂಟ್‌ಗೆ ಮೇಲಿನ ಕೆಂಪು ಅದಿರು ಮುಗಿದು, ಆಳದ ಬೂದು ಕಲ್ಲು ಬರತೊಡಗಿತ್ತು. ಟನ್ನಿಗೆ 2 ಗ್ರಾಂ ಚಿನ್ನವೂ ಇಲ್ಲ. ಇರುವುದೂ ಪೈರೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳೊಳಗೆ ಸಿಕ್ಕಿಕೊಂಡಿದೆ, ಸೈನೈಡ್ ಅಲ್ಲಿಗೆ ತಲುಪುವುದೇ ಇಲ್ಲ. ರಿಕವರಿ, ಅಂದರೆ ಅದಿರಿನಿಂದ ಕೈಗೆ ಸಿಗುವ ಚಿನ್ನದ ಪಾಲು, ಬಿತ್ತು. ಅದೇ ಹೊತ್ತಿಗೆ, ಸಿಕ್ಕಿಕೊಂಡ ಚಿನ್ನ ಬಿಡಿಸುವ ಪುಡಿ ಅಂತ ಹಿಡಿದು ಏಜೆಂಟ್ ಒಬ್ಬ ಬಂದ.

‘ಟನ್ನಿಗೆ 2 ಕೆಜಿ ಪುಡಿ ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಸೈನೈಡ್ ಬಿಡಿ ಸಾರ್, ಅಷ್ಟೇ’ ಅಂದ. ಡೆಮೊ ಚೆನ್ನಾಗೇ ಬಂತು. ಯಾಕೆ ಬರಲ್ಲ? ಅವನು ಬಳಸಿದ್ದು ಹಳೇ ಕೆಂಪು ಅದಿರು. ಅದರಲ್ಲಿ ಚಿನ್ನ ಹಾಗೆ ಸಿಕ್ಕಿಕೊಂಡಿಲ್ಲ, ಪುಡಿಯೇ ಬೇಡ. ಬೂದು ಕಲ್ಲಿನ ಮೇಲೂ ಮಾಡಿಸೋಣ ಎಂದೆ. ಅಷ್ಟರಲ್ಲಿ ಮಾಲೀಕರು ದುಡ್ಡು ಕೊಟ್ಟಾಗಿತ್ತು.

ಸಿಕ್ಕಿಕೊಂಡ ಚಿನ್ನ ಬಿಡಿಸಲು ಪೈರೈಟನ್ನು ಆಕ್ಸಿಡೈಸ್ ಮಾಡಬೇಕು, ಅಂದರೆ ಆಮ್ಲಜನಕ ಸೇರಿಸಿ ಒಡೆಯಬೇಕು. ಲೆಕ್ಕ ಹಾಕಿ ನೋಡಿ. ಪೈರೈಟ್ ರೂಪದ ಗಂಧಕ ನೂರಕ್ಕೆ 2ರಷ್ಟಿದ್ದರೆ, ಒಂದು ಟನ್ ಅದಿರನ್ನು ಪೂರ್ತಿ ಆಕ್ಸಿಡೈಸ್ ಮಾಡಲು ಸುಮಾರು 37 ಕೆಜಿ ಆಮ್ಲಜನಕ ಬೇಕು. ಆ 2 ಕೆಜಿ ಪುಡಿ ಬರೀ ಆಮ್ಲಜನಕವೇ ಆಗಿದ್ದರೂ ಎಲ್ಲಿ ಸಾಕಾಗುತ್ತದೆ? ದೊಡ್ಡ ಕಂಪನಿಗಳು 200 ಡಿಗ್ರಿ ಆಸುಪಾಸಿನಲ್ಲಿ, ಆಟೋಕ್ಲೇವ್ ಎಂಬ ಗಟ್ಟಿಯಾಗಿ ಮುಚ್ಚಿದ ಪಾತ್ರೆಯೊಳಗೆ ಒತ್ತಡದಲ್ಲಿ ಆಮ್ಲಜನಕ ಬಿಡುವುದು ದುಡ್ಡು ಜಾಸ್ತಿಯಾಗಿ ಅಲ್ಲ. ಮೇಲಾಗಿ, ಒಂದು ಕೆಜಿ ಪೈರೈಟ್ ಪೂರ್ತಿ ಆಕ್ಸಿಡೈಸ್ ಆದರೆ ಒಂದೂವರೆ ಕೆಜಿಗಿಂತ ಜಾಸ್ತಿ ಸಲ್ಫ್ಯೂರಿಕ್ ಆಸಿಡ್ ಹುಟ್ಟುತ್ತದೆ. ಆ ಆಸಿಡ್ ಅಡಗಿಸಲು ಸುಣ್ಣದ ಖರ್ಚು ಬೇರೆ. ಏಜೆಂಟ್ ಸುಣ್ಣದ ಮಾತೇ ಎತ್ತಲಿಲ್ಲ.

ಇದೆಲ್ಲ ದುಡ್ಡಿನ ವಿಷಯವಾಯಿತು. ಪುಡಿಯೇ ಆಸಿಡ್ ಗುಣದ್ದು. ನೆನೆಸಿದ ವ್ಯಾಟ್‌ನ (ತೊಟ್ಟಿಯ) ಪಿಎಚ್, ಅಂದರೆ ಆಸಿಡ್-ಕ್ಷಾರದ ಅಳತೆ, ನೋಡದೆ ರಾತ್ರಿ ಪಾಳಿಯವರು ಸೈನೈಡ್ ಬಿಟ್ಟರು. ಪಿಎಚ್ 10.5ರ ಮೇಲಿರಬೇಕು. 9.2ಕ್ಕೆ ಇಳಿದರೆ ಹೆಚ್ಚುಕಡಿಮೆ ಅರ್ಧ ಸೈನೈಡ್ ವಿಷದ ಗ್ಯಾಸಾಗುವ ರೂಪಕ್ಕೆ ತಿರುಗುತ್ತದೆ. ಗ್ಯಾಸ್ ಮೀಟರ್ ಕೂಗಿಕೊಂಡಿತು, ಎಲ್ಲರೂ ಗಾಳಿ ಬೀಸಿಬರುವ ದಿಕ್ಕಿಗೆ ಓಡಿದೆವು. ಒಬ್ಬ ಹುಡುಗ ತಲೆ ತಿರುಗಿ ಕೂತುಬಿಟ್ಟ. ಪುಣ್ಯಕ್ಕೆ ಚೇತರಿಸಿಕೊಂಡ. ವಾಸನೆ ಬಂದರೆ ಗೊತ್ತಾಗುತ್ತೆ ಅಂತ ನಂಬಬೇಡಿ, ಎಷ್ಟೋ ಜನರ ಮೂಗಿಗೆ ಅದು ಹತ್ತುವುದೇ ಇಲ್ಲ.

ರಿಕವರಿ? ಮೊದಲಿದ್ದಷ್ಟೇ. ಏಜೆಂಟ್ ಈಗ ಫೋನ್ ಎತ್ತುತ್ತಿಲ್ಲ.

ಯಾರಾದರೂ ಇಂಥದ್ದು ತಂದರೆ ನಿಮ್ಮ ಅದಿರನ್ನೇ ಕೊಡಿ. ಒಂದೇ ಸ್ಯಾಂಪಲ್ ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಪುಡಿ ಹಾಕಿಸಿ. ಆಮೇಲೆ ಎರಡಕ್ಕೂ ಸುಣ್ಣ ಹಾಕಿ, ಪಿಎಚ್ ನೋಡಿಯೇ ಸೈನೈಡ್ ಟೆಸ್ಟ್ ಮಾಡಿ. ದ್ರಾವಣದಲ್ಲಿ ಬಂದ ಚಿನ್ನ ಮಾತ್ರ ಸಾಲದು, ಉಳಿದ ಟೇಲಿಂಗನ್ನೂ (ಚಿನ್ನ ತೆಗೆದ ಮೇಲಿನ ಪುಡಿಗಲ್ಲು) ಬೇರೆ ಲ್ಯಾಬ್‌ನಲ್ಲಿ ಫೈರ್ ಅಸ್ಸೇ (ಕುಲುಮೆಯಲ್ಲಿ ಕರಗಿಸಿ ಚಿನ್ನ ಅಳೆಯುವ ಪರೀಕ್ಷೆ) ಮಾಡಿಸಿ. ಪುಡಿಯಲ್ಲಿ ಏನಿದೆ ಅಂತ ಬರಹದಲ್ಲಿ ಕೇಳಿ. ನಮಗೆ ಬಂದ ಚೀಲದ ಮೇಲೆ ಒಂದಕ್ಷರವೂ ಇರಲಿಲ್ಲ.