14 ಅಡಿಯ ಮರದ ದೋಣಿ: ಹಲವು ವರ್ಷ ಬಳಸಿದ ಮೇಲೆ

ಸರೋವರದ ಮೇಲೆ ಸುಮ್ಮನೆ ತೇಲಿಕೊಂಡಿರಲು, ಹಲಗೆಯ ಅಂಚಿನ ಮೇಲೆ ಹಲಗೆ ಏರಿಸಿ ತಾಮ್ರದ ರಿವೆಟ್ ಹೊಡೆದು ಕಟ್ಟಿದ ಹಳೇ ಕ್ರಮದ ದೋಣಿಯಷ್ಟು ಹಿತವಾದದ್ದು ಬೇರೆ ಸಿಕ್ಕಿಲ್ಲ. ಭಾರವಿದೆ, ಆದರೆ ಆ ಭಾರದಿಂದಲೇ ಎರಡು ಸಲ ಹುಟ್ಟು ಎಳೆದು ಬಿಟ್ಟರೂ ದೂರದವರೆಗೆ ನೇರವಾಗಿ ಜಾರುತ್ತದೆ. ಇಬ್ಬರೇ ಆದರೆ 12 ಅಡಿಯದೂ ಸಾಕು.

ಹೊಸಬರಿಗೆ ಗಾಬರಿ ಹುಟ್ಟಿಸುವುದು ಸೋರಿಕೆ. ತಿಂಗಳುಗಟ್ಟಲೆ ಒಣಗಿದ ದೋಣಿಯನ್ನು ನೀರಿಗೆ ಇಳಿಸಿದರೆ ಸಂದುಗಳಲ್ಲಿ ನೀರು ಜಿನುಗಿಯೇ ಜಿನುಗುತ್ತದೆ. ಹಲಗೆ ನೀರು ಕುಡಿದು ಉಬ್ಬಿದಂತೆ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಳಿಸುವ ಎರಡು ಮೂರು ದಿನ ಮೊದಲೇ ಒಳಗೆ ಒದ್ದೆ ಗೋಣಿಚೀಲ ಹಾಸಿಟ್ಟರೆ ಕೆಲಸ ಹಗುರ. ನೆಲದ ಮೇಲಿರುವಾಗ ದೋಣಿ ತುಂಬ ನೀರು ತುಂಬಬೇಡಿ, ಆ ಭಾರಕ್ಕೆ ಸಂದುಗಳೇ ಬಿಟ್ಟುಕೊಳ್ಳುತ್ತವೆ. ಒಣಗಿದ ಸಂದಿಗೆ ಗಟ್ಟಿಯಾಗುವ ಪುಟ್ಟಿ ತುಂಬುವುದಂತೂ ದೊಡ್ಡ ತಪ್ಪು: ಉಬ್ಬಲು ಜಾಗವಿಲ್ಲದ ಹಲಗೆ ಮೊಳೆಗಳನ್ನು ಎಳೆಯುತ್ತದೆ, ಒಳಗೆ ಪಕ್ಕೆಲುಬಿನಂತೆ ಬಾಗಿಸಿ ಕೂರಿಸಿದ ಬಾಗುಪಟ್ಟಿಗಳನ್ನು ಸೀಳುತ್ತದೆ. ವಾರ ಕಳೆದರೂ ನೀರು ನಿಲ್ಲದಿದ್ದರೆ ಮಾತ್ರ ಅಡಿಮರಕ್ಕೆ (ತಳದ ನಡುವೆ ಉದ್ದಕ್ಕೂ ಇರುವ ಮರ) ಅಂಟಿಕೊಂಡ ಮೊದಲ ಹಲಗೆಯನ್ನು ಅನುಮಾನಿಸಿ.

ಹಳೆಯದನ್ನು ಕೊಳ್ಳುವುದಾದರೆ ಬಣ್ಣದ ಹೊಳಪಿಗೆ ಮರುಳಾಗಬೇಡಿ, ಒಂದು ದಬ್ಬಳ ಹಿಡಿದು ಹೋಗಿ. ಹಿಂಬದಿಯ ಅಡ್ಡಹಲಗೆಯ ಮೂಲೆ, ಅಡಿಮರದ ಎರಡು ತುದಿ, ಆಸನದ ಕೆಳಗಿನ ಮೂಲೆಗಳಲ್ಲಿ ಚುಚ್ಚಿ ನೋಡಿ. ಬೆಣ್ಣೆಯಂತೆ ಇಳಿದರೆ ಮರ ಲಡ್ಡಾಗಿದೆ. ಬಾಗುಪಟ್ಟಿಗಳು ಬಿರುಕು ಬಿಡುವುದು ತಳ ಮೇಲಕ್ಕೆ ತಿರುಗುವ ಬಾಗಿನಲ್ಲಿ. ಒಂದೆರಡು ಬಿರುಕಿದ್ದರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ಜೋಡಿಸಬಹುದು, ಸಾಲಾಗಿ ಬಿರುಕಿದ್ದರೆ ಬಿಟ್ಟುಬಿಡಿ. ಮೊಳೆಯ ಸುತ್ತ ಕಪ್ಪು ಕಲೆ ಕಂಡರೆ ಒಳಗಿರುವುದು ತುಕ್ಕು ಹಿಡಿದ ಕಬ್ಬಿಣ ಎಂದೇ ಅನುಮಾನಿಸಿ.

ಹುಟ್ಟಿನ ಅಳತೆಯನ್ನು ಬಹಳ ಜನ ಕಡೆಗಣಿಸುತ್ತಾರೆ. ಹುಟ್ಟು ಕೂರುವ ಎರಡು ಕವಲುಗಳ ನಡುವಿನ ಅಂತರದ ಅರ್ಧಕ್ಕೆ 2 ಇಂಚು ಕೂಡಿಸಿ, 25ರಿಂದ ಗುಣಿಸಿ, 7ರಿಂದ ಭಾಗಿಸಿ. ಅಂತರ 48 ಇಂಚಾದರೆ ಹುಟ್ಟಿನ ಉದ್ದ ಸುಮಾರು 93 ಇಂಚು, ಅಂದರೆ ಏಳೂಮುಕ್ಕಾಲು ಅಡಿ ಬರುತ್ತದೆ. ಹುಟ್ಟು ಗಿಡ್ಡವಾದರೆ ಕೈ ಎತ್ತರಕ್ಕೆ ಹೋಗಿ ಭುಜ ನೋಯುತ್ತದೆ. ಕವಲಿಗೆ ಉಜ್ಜುವ ಜಾಗಕ್ಕೆ ಚರ್ಮ ಸುತ್ತಿ ಕೊಬ್ಬು ಸವರಿ. ಕಾಲೂರಲು ಅಡ್ಡಪಟ್ಟಿ ಇಲ್ಲದ ದೋಣಿಯಲ್ಲಿ ಅರ್ಧ ಗಂಟೆಗೇ ಸೊಂಟ ಸೋಲುತ್ತದೆ, ಅದನ್ನು ಮೊದಲು ಹಾಕಿಸಿ.

ದೋಣಿಯನ್ನು ಕೊಳೆಸುವುದು ಸರೋವರದ ನೀರಿಗಿಂತ ಹೆಚ್ಚಾಗಿ ಒಳಗೆ ನಿಂತ ಮಳೆನೀರು. ಹೊದಿಕೆ ಬೇಕು, ಅದರಡಿ ಗಾಳಿಯೂ ಆಡಬೇಕು. ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ ಹಾಳೆ ಬೂಸ್ಟು ಬೆಳೆಸುತ್ತದೆ. ಬಳಸದ ತಿಂಗಳುಗಳಲ್ಲಿ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಬೋರಲು ಹಾಕಿ. ವಾರ್ನಿಶ್‌ನ ಮೊದಲ ಕೋಟನ್ನು ತೆಳುಮಾಡಿ ಹಚ್ಚಿದರೆ ಮರದೊಳಗೆ ಇಳಿಯುತ್ತದೆ. ಎಲ್ಲಾದರೂ ಸಿಪ್ಪೆ ಎದ್ದರೆ ಅಲ್ಲಿಗಷ್ಟೇ ಉಜ್ಜಿ ತಕ್ಷಣ ಹಚ್ಚಿ, ತಡಮಾಡಿದರೆ ಅಡಿಗೆ ನೀರು ನುಗ್ಗಿ ಮರ ಕಪ್ಪಾಗುತ್ತದೆ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಡಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ.