ಬೆಂಗಳೂರು–ಹುಬ್ಬಳ್ಳಿ: ಎಟಿಆರ್ ಬೇಕೋ, ಪುಟ್ಟ ಜೆಟ್ ಬೇಕೋ?

ಏಪ್ರಿಲ್ ತಿಂಗಳ ಮಧ್ಯಾಹ್ನ ಎಟಿಆರ್ ವಿಮಾನ ಹತ್ತಬೇಡಿ. ಹತ್ತಲೇಬೇಕಾದರೆ ತೆಳ್ಳನೆಯ ಕಾಟನ್ ಅಂಗಿ ಹಾಕಿಕೊಂಡು ಹತ್ತಿ.

ಅಪ್ಪ ಅಮ್ಮ ಇರುವುದು ಧಾರವಾಡದಲ್ಲಿ, ನನ್ನ ಕೆಲಸ ಬೆಂಗಳೂರಿನಲ್ಲಿ. ಹೀಗಾಗಿ ಕೆಲವು ವರ್ಷಗಳಿಂದ ಈ ಮಾರ್ಗದಲ್ಲಿ ಪ್ರೊಪೆಲ್ಲರ್ ಇರುವ ಎಟಿಆರ್ 72ರಲ್ಲೂ 50 ಸೀಟಿನ ಎಂಬ್ರೇಯರ್ 145 ಜೆಟ್‌ನಲ್ಲೂ ಓಡಾಡಿದ್ದೇನೆ. ಎಟಿಆರ್ ಅಂದ ತಕ್ಷಣ ಎಲ್ಲರೂ ಸದ್ದು, ಅಲುಗಾಟ ಅಂತ ಶುರು ಮಾಡುತ್ತಾರೆ. ನನ್ನ ತಕರಾರು ಅದಲ್ಲ, ಸೆಕೆ.

ದೊಡ್ಡ ವಿಮಾನಗಳ ಬಾಲದಲ್ಲಿ ಎಪಿಯು ಅಂತ ಒಂದು ಪುಟ್ಟ ಎಂಜಿನ್ ಇರುತ್ತದೆ. ನೆಲದ ಮೇಲೆ ನಿಂತಾಗ ಕರೆಂಟು, ಎಸಿ ಎರಡಕ್ಕೂ ಅದೇ ಆಧಾರ. ಎಂಬ್ರೇಯರ್‌ನಲ್ಲಿ ಅದಿದೆ, ಎಟಿಆರ್‌ನಲ್ಲಿ ಇಲ್ಲ. ಬದಲಿಗೆ ಬಲಗಡೆಯ ಎಂಜಿನ್ ಓಡಿಸಿ, ಅದರ ಪ್ರೊಪೆಲ್ಲರ್ ತಿರುಗದಂತೆ ಬ್ರೇಕ್ ಹಾಕಿ, ಅದರಿಂದಲೇ ಒಳಗೆ ಗಾಳಿ ಬಿಡುವ ಏರ್ಪಾಡಿದೆ. ಹೋಟೆಲ್ ಮೋಡ್ ಅಂತಾರೆ. ಕೇಳಲು ಚೆನ್ನಾಗಿದೆ. ಆದರೆ ಬಿಸಿಲಲ್ಲಿ ನಿಂತ ವಿಮಾನಕ್ಕೆ ಆ ಗಾಳಿ ಎಲ್ಲಿ ಸಾಲುತ್ತೆ? ಕೆಲವು ಸಲ ಅದೂ ಇರುವುದಿಲ್ಲ. ಬಾಗಿಲು ಹಾಕಿದ ಮೇಲೆ ಹೊರಡಲು ಸರದಿ ಬರಲಿಲ್ಲ ಅಂದರೆ ಇನ್ನೂ ಕಷ್ಟ. ಸುರಕ್ಷತಾ ಸೂಚನೆಯ ಕಾರ್ಡನ್ನು ಯಾರಾದರೂ ಓದಿದ್ದು ನೋಡಿಲ್ಲ, ಅದರಲ್ಲಿ ಗಾಳಿ ಬೀಸಿಕೊಂಡಿದ್ದು ಬೇಕಾದಷ್ಟು ನೋಡಿದ್ದೇನೆ. ಮೇಲೇರಿದ ಮೇಲೆ ಎಲ್ಲಾ ಸರಿಹೋಗುತ್ತದೆ, ಅಷ್ಟರಲ್ಲಿ ಬೆನ್ನು ಒದ್ದೆ.

ಹಾಗಾಗಿ ಬಹಳ ದಿನ ನಾನು ಜೆಟ್ ಪಕ್ಷಪಾತಿ. ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಒಂಟಿ ಸೀಟು. ಎಂಬ್ರೇಯರ್ 145ರ ಎಡಗಡೆ ಪ್ರತಿ ಸಾಲಿಗೂ ಒಂದೇ ಸೀಟು. ಕಿಟಕಿಯೂ ನಿಮ್ಮದೇ, ನಡೆದಾಡುವ ದಾರಿಯೂ ಪಕ್ಕದಲ್ಲೇ, ಮೊಣಕೈ ಜಗಳ ಇಲ್ಲ. ವೆಬ್ ಚೆಕ್-ಇನ್ ತೆರೆದ ತಕ್ಷಣ ಮುಂದಿನ ಒಂಟಿ ಸೀಟು ಹಿಡಿಯುವುದೇ ನನಗೊಂದು ಚಟವಾಗಿತ್ತು. ಎಂಜಿನ್‌ಗಳು ಹಿಂದೆ, ಬಾಲದ ಹತ್ತಿರ ಇರುವುದರಿಂದ ಮುಂದಿನ ಸಾಲುಗಳಲ್ಲಿ ಸದ್ದು ಕಡಿಮೆ. ಒಂದೇ ತೊಂದರೆ: ಲಗೇಜ್ ಇಡುವ ಗೂಡು ಇರುವುದು ಎರಡು ಸೀಟಿನ ಕಡೆ ಮಾತ್ರ, ಒಂಟಿ ಸೀಟಿನ ತಲೆ ಮೇಲೆ ಏನೂ ಇಲ್ಲ. ವಾಪಸ್ ಬರುವಾಗ ಅಮ್ಮ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಪೇಢೆ ಡಬ್ಬಿ ಎಲ್ಲಾ ಕಾಲ ಕೆಳಗೇ.

ಆದರೆ ವೇಗಕ್ಕೆ ಅಂತ ಜೆಟ್‌ಗೆ ಜಾಸ್ತಿ ದುಡ್ಡು ಕೊಡುವವರಿಗೆ ಒಂದು ಮಾತು. ಕಾಗದದ ಮೇಲೆ ಜೆಟ್ ಗಂಟೆಗೆ 800 ಕಿ.ಮೀ. ದಾಟುತ್ತದೆ, ಎಟಿಆರ್ 500ರ ಆಸುಪಾಸು. ದೆಹಲಿಗೆ ಹೋಗುವುದಿದ್ದರೆ ಅದು ದೊಡ್ಡ ವ್ಯತ್ಯಾಸ. ಹುಬ್ಬಳ್ಳಿ ಇರುವುದು ಸುಮಾರು 400 ಕಿ.ಮೀ. ದೂರದಲ್ಲಿ. ಜೆಟ್ ಮೇಲೇರಿ ಸರಿಯಾಗಿ ಓಡುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಉಳಿಯುವುದು ಕಾಲು ಗಂಟೆ ಅಷ್ಟೇ. ಆ ಕಾಲು ಗಂಟೆ ಹೆಬ್ಬಾಳದ ಫ್ಲೈಓವರ್ ಮೇಲೆಯೇ ಕರಗಿಹೋಗುತ್ತದೆ ಅಲ್ವಾ? ಇಷ್ಟು ಕಡಿಮೆ ದೂರಕ್ಕೆ ಪ್ರೊಪೆಲ್ಲರ್ ವಿಮಾನ ಇಂಧನ ಎಷ್ಟೋ ಕಡಿಮೆ ಕುಡಿಯುತ್ತದೆ, ಪುಟ್ಟ ರನ್‌ವೇ ಸಾಕು. ಮೈಸೂರಿನ 1,740 ಮೀಟರ್ ರನ್‌ವೇಗೆ ಎಟಿಆರ್ ಬರುವುದು ಅದಕ್ಕೇ.

ಇತ್ತೀಚೆಗೆ ಎಟಿಆರ್ ಮೇಲಿನ ಸಿಟ್ಟು ಸ್ವಲ್ಪ ಇಳಿದಿದೆ. ಕಾರಣ ಕಿಟಕಿ. ರೆಕ್ಕೆ ತಲೆ ಮೇಲಿರುತ್ತದೆ, ವಿಮಾನ ಹಾರುವುದೂ ಜೆಟ್‌ಗಿಂತ ಕೆಳಗೆ. ಹುಬ್ಬಳ್ಳಿಗೆ ಹೋಗುವಾಗ ಮೋಡ ಇಲ್ಲದಿದ್ದರೆ ಎಡಗಡೆ ಮಾರಿಕಣಿವೆ ಜಲಾಶಯ ಕಾಣುತ್ತದೆ, ಆಮೇಲೆ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು, ಮುಂದೆ ತುಂಗಭದ್ರೆ. ಸೀಟು ಮಾತ್ರ ಹಿಂದಿನದೇ ಹಿಡಿಯಿರಿ. ಜೆಟ್‌ನ ಲೆಕ್ಕ ಇಲ್ಲಿ ಉಲ್ಟಾ. ಪ್ರೊಪೆಲ್ಲರ್ ಪಕ್ಕದ ಸಾಲುಗಳಲ್ಲಿ ಸೀಟಿನ ಕೈ ಕೂಡ ಗುಂಯ್‌ಗುಡುತ್ತದೆ, ಹಿಂದೆ ಆರಾಮ. ಹತ್ತಿಳಿಯುವ ಬಾಗಿಲೂ ಹಿಂದೆಯೇ, ಇಳಿಯುವಾಗ ನೀವೇ ಮೊದಲು. ಹತ್ತುವಾಗ ಒಮ್ಮೆ ಬಾಲದ ಕಡೆ ಕಣ್ಣು ಹಾಯಿಸಿ. ಅಡಿಯಲ್ಲಿ ಒಂದು ಊರುಗೋಲು ನಿಲ್ಲಿಸಿರುತ್ತಾರೆ, ಜನರೆಲ್ಲ ಹಿಂದೆ ಸೇರಿದಾಗ ವಿಮಾನ ಹಿಂದಕ್ಕೆ ವಾಲಬಾರದು ಅಂತ. ಸೀಟು ಖಾಲಿ ಇದ್ದ ದಿನ ತೂಕ ಸರಿದೂಗಿಸಲು ನಿಮ್ಮನ್ನು ಎಬ್ಬಿಸಿ ಬೇರೆ ಸಾಲಿಗೆ ಕಳಿಸಿದರೆ ಗಾಬರಿ ಬೇಡ.

ಈಗ ನನ್ನ ಲೆಕ್ಕ ಹೀಗಿದೆ. ಬೆಳಗಿನ ಹೊತ್ತಾದರೆ, ಟಿಕೆಟ್ ಅಗ್ಗವಾಗಿದ್ದರೆ ಎಟಿಆರ್, 5ಕ್ಕೆ 4 ಅಂಕ. ಬೇಸಿಗೆಯ ಮಧ್ಯಾಹ್ನವಾದರೆ ಅದಕ್ಕೇ 2, ಆಗ ದುಡ್ಡು ಸ್ವಲ್ಪ ಹೆಚ್ಚಾದರೂ ಒಂಟಿ ಸೀಟು. ಹೊರಗಿನಿಂದ ತಣ್ಣನೆ ಗಾಳಿ ತುಂಬುವ ಗಾಡಿಗಳು ಇವೆ. ಎಟಿಆರ್ ಪಕ್ಕಕ್ಕೆ ಅಂಥದ್ದೊಂದನ್ನು ತಂದು ನಿಲ್ಲಿಸಿದ ದಿನ ಈ 2 ಅನ್ನು ತಿದ್ದುತ್ತೇನೆ.